ಎರಡು ತಲೆ ಹಾವಿಗೆ ಕೋಟಿ ರೇಟು ಕಟ್ಟಿದವರು ಯಾರು?

ಭಾಗ 1

ನಿಮ್ಮ ಫೀಡಿನಾಗೂ ಬಂದಿರಬೇಕು. ಬಕೆಟ್ಟಿನಾಗ ಸುತ್ತಿಕೊಂಡು ಕೂತ ಕಂದು ಬಣ್ಣದ ಹಾವು, ಪಕ್ಕದಾಗ ತಕ್ಕಡಿ, ಕೆಳಗ "ಮೂರು ಕಿಲೋ, ಎರಡು ಕೋಟಿ". ನಮ್ಮ ಮುಡಬಿ ಕಡೆ ಅದಕ್ಕ ಎರಡು ತಲೆ ಹಾವು ಅಂತೀವಿ, ಮಣ್ಣುಮುಕ್ಕ ಅಂತಾನೂ ಅಂತಾರ. ಗಡಿ ದಾಟಿ ಉಮರ್ಗಾ ಕಡೆ ಹೋದ್ರ ಅದೇ ಮಾಂಡೂಳ.

ಈ ರೀಲ್ಸ್ ನೋಡಿದವರು ಕೇಳೋದು ಎರಡೇ ಮಾತು. ಹಿಡಿದು ಮಾರಿದ್ರ ಅಷ್ಟು ರೊಕ್ಕ ಖರೇನೇ ಬರ್ತದೇನು? ಇಲ್ಲಾಂದ್ರ ಫಾರಿನ್ನವರ ಹಂಗ ಮನ್ಯಾಗ ಸಾಕಿ, ಮರಿ ಮಾಡಿಸಿ ಮಾರಿದ್ರ ಎಷ್ಟು ಉಳೀತದ?

ನಾನು ಕೇಳೋದು ಮೂರನೇ ಮಾತು. ಎರಡು ಕೋಟಿ ಕೊಟ್ಟು ಕೊಂಡವನು ಆ ಹಾವಿನಿಂದ ಏನು ಮಾಡ್ತಾನ? ಇದಕ್ಕ ಉತ್ತರ ಹುಡುಕಬೇಕಂದ್ರ ಹಾವಿನ ವ್ಯಾಪಾರದ ಇತಿಹಾಸ ಸ್ವಲ್ಪ ತಿರುವಿ ನೋಡಬೇಕು. ನಿಧಾನಕ್ಕ ಓದ್ರಿ, ಉದ್ದ ಅದ.

ಭಾಗ 2

ಹಾವಿಗೆ ಸರ್ಕಾರವೇ ರೇಟು ಕಟ್ಟಿದ ಕಾಲ ಒಂದಿತ್ತು. ಸತ್ತ ಹಾವಿಗೆ! 19ನೇ ಶತಮಾನದಾಗ ಬ್ರಿಟಿಷ್ ಇಂಡಿಯಾದಲ್ಲಿ ಹಾವು ಕಡಿದು ವರ್ಷಕ್ಕ ಸಾವಿರಾರು ಜನ ಸಾಯ್ತಿದ್ರು. ಜೋಸೆಫ್ ಫೇರರ್ ಅನ್ನೋ ಡಾಕ್ಟರು 1872ರಲ್ಲಿ ಭಾರತದ ವಿಷದ ಹಾವುಗಳ ಬಗ್ಗೆ ದೊಡ್ಡ ಚಿತ್ರಪುಸ್ತಕವನ್ನೇ ತಂದರು. ಹಾವು ಕೊಂದು ತಂದವರಿಗೆ ಇನಾಮು ಅಂತ ಹಲವು ಜಿಲ್ಲೆಗಳಲ್ಲಿ ಘೋಷಣೆ ಆಯ್ತು. (ನಮ್ಮ ಬೀದರ್ ಆವಾಗ ನಿಜಾಮರ ರಾಜ್ಯದಾಗಿತ್ತು, ಬ್ರಿಟಿಷರ ನೇರ ಆಡಳಿತ ಇಲ್ಲಿರಲಿಲ್ಲ.)

ಇಲ್ಲೇ ಹುಟ್ಟಿದ್ದು ಪ್ರಸಿದ್ಧ "ಕೋಬ್ರಾ ಎಫೆಕ್ಟ್" ಕತೆ. ದೆಹಲಿಯಲ್ಲಿ ಇನಾಮಿನ ಆಸೆಗೆ ಜನ ಮನ್ಯಾಗೇ ನಾಗರಹಾವು ಸಾಕಿ ಮರಿ ಮಾಡಿಸಿದರಂತ. ಸರ್ಕಾರ ಇನಾಮು ನಿಲ್ಲಿಸಿದಾಗ ಎಲ್ಲಾ ಹಾವು ಬಿಟ್ಟುಬಿಟ್ಟರಂತ. ಎಕನಾಮಿಕ್ಸ್ ಕ್ಲಾಸಿನಾಗ ಇದನ್ನ ಹೇಳದ ಮೇಷ್ಟ್ರು ಕಡಿಮೆ. ಆದ್ರ ದೆಹಲಿಯಲ್ಲಿ ಹೀಗಾಯ್ತು ಅನ್ನೋದಕ್ಕ ಗಟ್ಟಿ ದಾಖಲೆ ಯಾರೂ ತೋರಿಸಿಲ್ಲ. ಹಾರ್ಸ್ಟ್ ಸೀಬರ್ಟ್ ಅನ್ನೋ ಜರ್ಮನ್ ಅರ್ಥಶಾಸ್ತ್ರಜ್ಞ 2001ರಲ್ಲಿ ತನ್ನ ಪುಸ್ತಕಕ್ಕ ಇದೇ ಹೆಸರು ಇಟ್ಟ ಮ್ಯಾಲೆ ಕತೆ ಊರೆಲ್ಲಾ ಹಬ್ಬಿತು. ದಾಖಲೆ ಇರೋ ಜೋಡಿ ಘಟನೆ ಬೇಕಂದ್ರ ಹನೋಯ್‌ಗೆ ಹೋಗ್ರಿ. 1902ರಲ್ಲಿ ಫ್ರೆಂಚರು ಇಲಿಯ ಬಾಲಕ್ಕ ಇನಾಮು ಇಟ್ಟಾಗ ಜನ ಬಾಲ ಕತ್ತರಿಸಿ ಇಲಿ ಜೀವಂತ ಬಿಟ್ಟರು, ಇನ್ನಷ್ಟು ಮರಿ ಹಾಕಲಿ ಅಂತ.

ಹಾವಿಗೆ ಬಂದ ಎರಡನೇ ರೇಟು ಚರ್ಮದ್ದು. ಸ್ವಾತಂತ್ರ್ಯದ ನಂತರದ ದಶಕಗಳಲ್ಲಿ ಭಾರತದ ಹಾವಿನ ಚರ್ಮ ಯುರೋಪಿನ ಚಪ್ಪಲಿ, ಪರ್ಸು ಆಗಿ ಲಕ್ಷಗಟ್ಟಲೆ ಹೋಯ್ತು. ಹಿಡಿದು ಕೊಟ್ಟವರಿಗೆ ಸಿಕ್ಕಿದ್ದು ಚಿಲ್ಲರೆ. ಈ ಜನರ ಕತೆಗೆ ಕೊನೆಯ ಭಾಗದಾಗ ವಾಪಸ್ ಬರ್ತೀನಿ.

ಭಾಗ 3

ಈಗ ಸಾಕಿ ಮಾರೋ ಲೆಕ್ಕ. ಸ್ವೈಪ್ ಮಾಡಿದ್ರ ನನ್ನ ನೋಟ್‌ಬುಕ್ಕಿನ ಪನ್ನೆಟ್ ಚೌಕ ಸಿಗ್ತದ, ಪಿಯುಸಿ ಬಯಾಲಜಿದೇ.

ಜಗತ್ತಿನಾಗ ಶೋಕಿಗೆ ಹಾವು ಸಾಕೋರ ಅಚ್ಚುಮೆಚ್ಚು ಬಾಲ್ ಪೈಥಾನ್. ಪಶ್ಚಿಮ ಆಫ್ರಿಕಾದ ಘಾನಾ, ಟೋಗೋ, ಬೆನಿನ್ ದೇಶಗಳ ಸಣ್ಣ ಹೆಬ್ಬಾವು. ವಿಷ ಇಲ್ಲ, ಹೆದರಿದ್ರ ಚೆಂಡಿನ ಹಂಗ ಮುದುಡಿಕೊಳ್ತದ. 1992ರಲ್ಲಿ ಅಮೆರಿಕದ ಬಾಬ್ ಕ್ಲಾರ್ಕ್ ಮನೆಯಲ್ಲೇ ಬಿಳಿ-ಹಳದಿ ಆಲ್ಬಿನೋ ಮರಿ ಹುಟ್ಟಿಸಿದ. ಒಂದೊಂದು ಮರಿ ಸಾವಿರಾರು ಡಾಲರ್‌ಗೆ ಹೋಯ್ತು. ಅಲ್ಲಿಂದ ಬಣ್ಣದ ಹುಚ್ಚು ಶುರು. ಹೊಸ ಬಣ್ಣ ಬಂತಂದ್ರ ಕಾರಿನ ರೇಟು.

ಆಲ್ಬಿನೋ ಗುಣ ರಿಸೆಸಿವ್. ಎರಡೂ ಕಡೆಯಿಂದ ಜೀನ್ ಬಂದ್ರ ಮಾತ್ರ ಬಣ್ಣ ಕಾಣ್ತದ. ಜೀನ್ ಹೊತ್ತ ಎರಡು ಮಾಮೂಲಿ ಹಾವು ಕೂಡಿದ್ರ ನಾಲ್ಕರಾಗ ಒಂದೇ ಆಲ್ಬಿನೋ. ಆದ್ರ ಆಲ್ಬಿನೋ ಜೋಡಿನೇ ಕೈಗೆ ಸಿಕ್ಕರ ಎಲ್ಲಾ ಮರಿಯೂ ಆಲ್ಬಿನೋ. ರೊಕ್ಕ ಮಾಡೋದೂ ಇಲ್ಲೇ, ಮುಳುಗೋದೂ ಇಲ್ಲೇ.

ಲೆಕ್ಕ ಹಾಕ್ರಿ. ಒಂದು ಹೆಣ್ಣು ಒಂದು ಸಲಕ್ಕ ಸುಮಾರು ಆರು ಮೊಟ್ಟೆ ಇಡ್ತದ. ಅರ್ಧ ಹೆಣ್ಣು ಅಂತ ಹಿಡೀರಿ. ಹೆಣ್ಣು ಮರಿ ಮೊಟ್ಟೆ ಇಡೋ ವಯಸ್ಸಿಗೆ ಬರಲಿಕ್ಕ ಸುಮಾರು ಮೂರು ವರ್ಷ. ಮೊದಲ ವರ್ಷ 6 ಮರಿ. ಮೂರು ವರ್ಷಕ್ಕ 18. ಆರಕ್ಕ 54. ಒಂಬತ್ತಕ್ಕ 162. ಇದು ಪ್ರತಿ ಹೆಣ್ಣು ಜೀವಮಾನದಾಗ ಒಂದೇ ಸಲ ಮೊಟ್ಟೆ ಇಟ್ಟರ ಆಗೋ ಲೆಕ್ಕ, ಖರೇ ಸಂಖ್ಯೆ ಇನ್ನೂ ಜಾಸ್ತಿ. ಕೊಳ್ಳೋರು ಮೂರು ವರ್ಷಕ್ಕೊಮ್ಮೆ ಮೂರು ಪಟ್ಟು ಆಗ್ತಾರೇನು?

ಆಗಲಿಲ್ಲ. ಆಲ್ಬಿನೋ ಬೆಲೆ ಸಾವಿರಗಳಿಂದ ನೂರುಗಳಿಗೆ ಬಿತ್ತು. ಮಾಮೂಲಿ ಬಣ್ಣದ ಮರಿಯಂತೂ ಅದು ತಿನ್ನೋ ಇಲಿಯ ಖರ್ಚಿಗೂ ಸಾಲದಂತಾಯ್ತು. ಲಾಭ ಮಾಡಿದವರು ಮೊದಲು ಬಂದವರು, ಆಮೇಲೆ ಡಬ್ಬಿ, ಹೀಟರ್, ಫ್ರೀಜ್ ಮಾಡಿದ ಇಲಿ ಮಾರಿದವರು. ನಮ್ಮೂರಾಗ ಆಡು ಮಾರಾಟ ಆಗಲಿಲ್ಲಂದ್ರ ಕಡೀಕ ಮಟನ್ ಆಗ್ತದ. ಬಾಲ್ ಪೈಥಾನ್ ಮಾರಾಟ ಆಗಲಿಲ್ಲಂದ್ರ ಇಪ್ಪತ್ತು, ಮೂವತ್ತು ವರ್ಷ ಕೂತು ತಿಂತದ. ಬಣ್ಣದ ಹಿಂದ ಬಿದ್ದು ಹುಟ್ಟಿಸಿದ "ಸ್ಪೈಡರ್" ತಳಿಗೆ ತಲೆ ನೆಟ್ಟಗ ಹಿಡಿಯಲಿಕ್ಕ ಬರೋದಿಲ್ಲ, ನರದ ದೋಷ. ಅದೂ ಮಾರಾಟ ಆಯ್ತು.

ಎಮು ನೆನಪದ ಏನು? ನಿಮ್ಮ ಕಾಕಾನ್ನ ಕೇಳ್ರಿ. ಮರಿ ಕೊಂಡವನು ಮುಂದಿನವನಿಗೆ ಮರಿ ಮಾರಬೇಕು, ಅವನು ಇನ್ನೊಬ್ಬನಿಗೆ. ತಿನ್ನೋ ಗಿರಾಕಿ ಎಲ್ಲೂ ಇರಲಿಲ್ಲ. 2012ರಲ್ಲಿ ತಮಿಳುನಾಡಿನ ಪೆರುಂದುರೈಯಲ್ಲಿ ಆ ಬಲೂನು ಒಡೀತು.

ಭಾಗ 4

"ನಮ್ಮ ದೇಶದಾಗ ಇನ್ನೂ ಹೊಸದಲ್ಲ, ನಾವೇ ಮೊದಲಿಗರು ಆಗಬಹುದಲ್ಲ?" ಅನ್ನೋರಿಗೆ ಈ ಭಾಗ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ನಮ್ಮ ನೆಲದ ಹಾವು ಹಿಡಿಯೋದು, ಸಾಕೋದು, ಮಾರೋದು ಮೂರೂ ಅಪರಾಧ. ಹಾವಾಡಿಗರ ಬುಟ್ಟಿ ಮುಚ್ಚಿದ್ದೂ ಇದೇ ಕಾಯ್ದೆಯಿಂದ. ವಿದೇಶಿ ಹಾವಿನ ಬಗ್ಗೆ ಕಾಯ್ದೆ ಬಹಳ ವರ್ಷ ಸುಮ್ಮನಿತ್ತು. 2020ರ ಜೂನಿನಾಗ ಕೇಂದ್ರ ಸರ್ಕಾರ, ಆರು ತಿಂಗಳೊಳಗ ತಾವಾಗೇ ಹೇಳಿಕೊಂಡವರಿಗೆ ಕಾಗದ ಕೇಳೋದಿಲ್ಲ ಅಂತು. 2022ರ ತಿದ್ದುಪಡಿ ಬಂತು. 2024ರ ನಿಯಮದ ಪ್ರಕಾರ ಈಗ ಸೈಟಿಸ್ ಪಟ್ಟಿಯ ಪ್ರಾಣಿ ಇಟ್ಟುಕೊಂಡವರು ಪರಿವೇಶ್ ಪೋರ್ಟಲ್ಲಿನಾಗ ನೋಂದಣಿ ಮಾಡಿಸಬೇಕು. ಮರಿ ಹುಟ್ಟಿದ್ರೂ ಹೇಳಬೇಕು, ಸತ್ತರೂ ಹೇಳಬೇಕು, ಬೇರೆಯವರಿಗೆ ಕೊಟ್ಟರೂ ಹೇಳಬೇಕು.

ಕಾಗದ ಇಲ್ಲದ ದಾರಿ ಎಂಥದ್ದು ಅಂತ ಬೆಂಗಳೂರು ಏರ್‌ಪೋರ್ಟು ತೋರಿಸ್ಯದ. 2023ರ ಸೆಪ್ಟೆಂಬರಿನಾಗ ಬ್ಯಾಂಕಾಕಿನಿಂದ ಬಂದು, ಯಾರೂ ತಗೊಳ್ಳದೆ ಬಿದ್ದ ಬ್ಯಾಗುಗಳಲ್ಲಿ 78 ಪ್ರಾಣಿ ಸಿಕ್ಕವು. 55 ಬಾಲ್ ಪೈಥಾನ್, 17 ಕಾಳಿಂಗ ಸರ್ಪ, 6 ಕ್ಯಾಪುಚಿನ್ ಮಂಗ. ಮಂಗಗಳು ಸತ್ತಿದ್ದವು. ಕಾಳಿಂಗ ನೋಡ್ರಿ, ನಮ್ಮ ಆಗುಂಬೆ ಕಾಡಿನಾಗ ಇರೋ ಹಾವು, ಅದರದೇ ಬಳಗದ್ದು ಪರದೇಶದಿಂದ ಬ್ಯಾಗಿನಾಗ ಬರ್ತದ! 2024ರ ಏಪ್ರಿಲಿನಾಗ ಒಬ್ಬ ಪ್ರಯಾಣಿಕನ ಬ್ಯಾಗಿನಾಗ ಹತ್ತು ಹಳದಿ ಅನಕೊಂಡ ಸಿಕ್ಕವು.

ಭಾಗ 5

ಈಗ ನಮ್ಮ ಎರಡು ತಲೆ ಹಾವು.

ಅದಕ್ಕ ಇರೋದು ಒಂದೇ ತಲೆ. ಬಾಲ ಮೊಂಡ ಅದ, ಅಷ್ಟೇ. ವೈರಿ ಬಂದ್ರ ತಲೆ ಸುರುಳಿಯೊಳಗ ಮುಚ್ಚಿ ಬಾಲ ಎತ್ತಿ ತೋರಿಸ್ತದ, ಪೆಟ್ಟು ಬಾಲಕ್ಕೇ ಬೀಳಲಿ ಅಂತ. ಹಿಂದೆ ಹಾವಾಡಿಗರು ಬಾಲಕ್ಕ ಗಾಯ ಮಾಡಿ ಬಾಯಿಯ ಗುರುತು ಹಾಕ್ತಿದ್ರು. ವಿಷ ಇಲ್ಲ. ಮೊಟ್ಟೆ ಇಡೋದಿಲ್ಲ, ಮರಿನೇ ಹಾಕ್ತದ. ತೊಗರಿ, ಸೋಯಾ ಹೊಲದಾಗ ಮಣ್ಣೊಳಗ ಇದ್ದು ಇಲಿ ತಿಂತದ.

ಕ್ಯಾನ್ಸರ್‌ಗೆ ಔಷಧ, ನಿಧಿ ತೋರಿಸ್ತದ, ಮನ್ಯಾಗ ಇದ್ರ ಲಕ್ಷ್ಮಿ ಬರ್ತಾಳ. ಕತೆ ಎಷ್ಟು ಬೇಕಾದ್ರೂ ಅವ, ಒಂದಕ್ಕೂ ಪುರಾವೆ ಇಲ್ಲ. ಬಾಲ್ ಪೈಥಾನ್‌ಗೆ ಕಡೀಕ ಮನ್ಯಾಗ ಸಾಕೋ ಗಿರಾಕಿಯಾದ್ರೂ ಇದ್ದ. ಇದಕ್ಕ ಅವನೂ ಇಲ್ಲ. ಇರೋರೆಲ್ಲ ದಲಾಲರೇ. ಹಿಡಿದವನು ಮೊದಲನೇ ದಲಾಲನಿಗೆ, ಅವನು ಎರಡನೇಯವನಿಗೆ, ಎಲ್ಲರೂ "ಮುಂದ ದೊಡ್ಡ ಪಾರ್ಟಿ ಅದ" ಅಂತಾರ. ತೂಕ ಕಡಿಮೆ ಬಿತ್ತು, ಇನ್ನೂ ದೊಡ್ಡದು ತಾ ಅಂತಾರ. ಅಡ್ವಾನ್ಸ್ ಹೋಗ್ತದ, ಪಾರ್ಟಿ ಬರೋದಿಲ್ಲ. ರೈಸ್ ಪುಲ್ಲಿಂಗ್ ಚೊಂಬಿನ ಮೋಸ ಕೇಳಿದ್ದೀರಲ್ಲ, ಅದಕ್ಕ ಇದು ಸ್ವಂತ ತಮ್ಮ.

ವೈಲ್ಡ್‌ಲೈಫ್ ಕನ್ಸರ್ವೇಶನ್ ಸೊಸೈಟಿ-ಇಂಡಿಯಾ 2016ರಿಂದ 2021ರವರೆಗಿನ ಸುದ್ದಿಗಳನ್ನ ಒಟ್ಟು ಮಾಡಿ ಈ ಹಾವಿನ 172 ಪ್ರಕರಣ ಲೆಕ್ಕ ಹಾಕ್ಯದ. ಅತಿ ಹೆಚ್ಚು ಮಹಾರಾಷ್ಟ್ರದಾಗ, ಅಂದ್ರ ನಮ್ಮ ಪಕ್ಕದಾಗೇ. ಸಿಕ್ಕಿಬೀಳೋರು ಯಾರು? ಬಕೆಟ್ ಹಿಡಿದು ರೋಡಿನ ಮ್ಯಾಲೆ ನಿಂತ ಹುಡುಗರು. 2022ರ ತಿದ್ದುಪಡಿ ನಂತರ ಈ ಕಾಯ್ದೆಯ ಸಾಮಾನ್ಯ ಅಪರಾಧಕ್ಕೇ 3 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ. ಮೊದಲನೇ ಅನುಸೂಚಿಯ ಪ್ರಾಣಿಯಾದ್ರ 3ರಿಂದ 7 ವರ್ಷ. ವಕೀಲರ ಫೀಜು ಬೇರೆ. ರೀಲ್ಸಿನ ಕೋಟಿ ಲೆಕ್ಕದಾಗ ಇದನ್ನ ಯಾರೂ ಕಳೆಯೋದಿಲ್ಲ.

ಭಾಗ 6

ಚರ್ಮದ ಕಾಲದಾಗ ಹಾವು ಹಿಡಿದು ಕೊಡ್ತಿದ್ದ ಜನರಲ್ಲಿ ತಮಿಳುನಾಡಿನ ಇರುಳರು ಮುಖ್ಯರು. 1976ರಲ್ಲಿ ಹಾವಿನ ಚರ್ಮದ ರಫ್ತು ನಿಂತಾಗ ಅವರ ಒಲೆ ಆರಿತು. 1978ರಲ್ಲಿ ರಾಮ್ಯುಲಸ್ ವಿಟೇಕರ್ ಜೊತೆ ಸೇರಿ ಚೆನ್ನೈ ಹತ್ತಿರದ ವಡನೆಮ್ಮೇಲಿಯಲ್ಲಿ ಸಹಕಾರ ಸಂಘ ಕಟ್ಟಿಕೊಂಡರು. (ನಮ್ಮ ಆಗುಂಬೆ ಮಳೆಕಾಡು ಸಂಶೋಧನಾ ಕೇಂದ್ರ ಶುರು ಮಾಡಿದವರೂ ಇದೇ ವಿಟೇಕರ್.)

ಇಲ್ಲಿ ಮಾರೋದು ಹಾವಲ್ಲ, ವಿಷ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕನ್ನ ಅರಣ್ಯ ಇಲಾಖೆ ಹೇಳಿದಷ್ಟೇ ಹಿಡೀತಾರ. ಗಡಿಗ್ಯಾಗ ಇಟ್ಟು, ವಾರಕ್ಕೊಮ್ಮೆ ವಿಷ ತೆಗೆದು, ಸುಮಾರು ತಿಂಗಳಾದ ಮ್ಯಾಲೆ ಹೊಟ್ಟೆಯ ಪೊರೆಯ ಮ್ಯಾಲೆ ಗುರುತು ಮಾಡಿ ವಾಪಸ್ ಬಿಡ್ತಾರ. ಗುರುತಿದ್ದದ್ದು ಮತ್ತ ಸಿಕ್ಕರ ಮುಟ್ಟೋದಿಲ್ಲ. ಕಟ್ಟುಹಾವಿನ ವಿಷ ತುಸುವೇ ಬರ್ತದ, ಅದಕ್ಕೇ ಗ್ರಾಮಿನ ಲೆಕ್ಕದಾಗ ಅದು ಬಲು ತುಟ್ಟಿ. ಕೊಳ್ಳೋರು ಔಷಧ ಕಂಪನಿಗಳು. ಆ ವಿಷವನ್ನ ಸ್ವಲ್ಪ ಸ್ವಲ್ಪ ಕುದುರೆಗೆ ಚುಚ್ಚಿ, ಅದರ ರಕ್ತದಿಂದ ಆಂಟಿವೆನಮ್ ಮಾಡ್ತಾರ. ಇಲ್ಲಿ ಕೊನೆಯ ಗಿರಾಕಿ ಯಾರು ಅಂತ ಗೊತ್ತದ: ಹೊಲದಾಗ ಕಡಿಸಿಕೊಂಡವರು. 2023ರಲ್ಲಿ ಇರುಳರಾದ ವಡಿವೇಲ್ ಗೋಪಾಲ್, ಮಾಸಿ ಸದೈಯನ್ ಇಬ್ಬರಿಗೂ ಪದ್ಮಶ್ರೀ ಬಂತು.

ಇದರಾಗೂ ಒಂದು ಕೊರತೆ ಅದ. ಒಂದೇ ಜಾತಿಯ ಹಾವಿನ ವಿಷ ಊರಿಂದ ಊರಿಗೆ ಬೇರೆ ಇರ್ತದ ಅಂತ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ತೋರಿಸ್ಯಾರ. ಚೆನ್ನೈ ಸುತ್ತಲಿನ ವಿಷದಿಂದ ಮಾಡಿದ ಔಷಧ ಎಲ್ಲಾ ಕಡೆ ಒಂದೇ ಥರ ಕೆಲಸ ಮಾಡೋದಿಲ್ಲ. 2024ರ ಫೆಬ್ರವರಿಯಿಂದ ಕರ್ನಾಟಕದಾಗ ಹಾವು ಕಡಿತದ ಪ್ರತಿ ಪ್ರಕರಣವನ್ನ ಆಸ್ಪತ್ರೆಯವರು ಸರ್ಕಾರಕ್ಕ ತಿಳಿಸಲೇಬೇಕು. ಖಾಸಗಿ ದವಾಖಾನೆಯೂ ಸೇರಿ. ಯಾವ ತಾಲೂಕಿಗೆ ಎಷ್ಟು ಸೀಸೆ ಔಷಧ ಬೇಕು ಅನ್ನೋ ಲೆಕ್ಕ ಈಗಷ್ಟೇ ಶುರುವಾಗ್ಯದ.

#ಮುಡಬಿ #ಬಸವಕಲ್ಯಾಣ #ಹಾವಿನಲೆಕ್ಕ