ಹಳೆಯ ಪೈಪೋಟಿಯ ಉಳಿಕೆ: ಇಯುವಿ ಲಿಥೋಗ್ರಫಿ ಯಂತ್ರ ಮತ್ತು ರಾಷ್ಟ್ರಗಳ ತಾಂತ್ರಿಕ ಯಜಮಾನಿಕೆ

ಚಿಪ್ ತಂತ್ರಜ್ಞಾನಕ್ಕಾಗಿ ಅಮೆರಿಕ ಮತ್ತು ಚೀನಾ ನಡೆಸಿರುವ ಸೆಣಸಾಟದ ಕಥನವನ್ನು 2022ರ ಅಕ್ಟೋಬರ್ 7ರ ರಫ್ತು ನಿರ್ಬಂಧಗಳಿಂದ ಆರಂಭಿಸುವುದು ವಾಡಿಕೆಯಾಗಿದೆ. ಈ ಆರಂಭಬಿಂದು ದಾರಿತಪ್ಪಿಸುವಂಥದ್ದು. ಚೀನಾದ ವಿರುದ್ಧ ಇಂದು ಬಳಕೆಯಾಗುತ್ತಿರುವ ಅತಿ ಹರಿತವಾದ ಅಸ್ತ್ರ, ಅಂದರೆ ಇಯುವಿ ಯಂತ್ರದ ಮೇಲಿನ ಹಿಡಿತ, ರೂಪುಗೊಂಡದ್ದು ಜಪಾನಿನ ಭಯದಲ್ಲಿ ಎಂಬುದು ಪ್ರಸ್ತುತ ಲೇಖನದ ವಾದ.

1976ರಲ್ಲಿ ಜಪಾನ್ ಸರ್ಕಾರ ಫುಜಿತ್ಸು, ಹಿಟಾಚಿ, ಮಿತ್ಸುಬಿಷಿ, ಎನ್‌ಇಸಿ, ತೋಷಿಬಾ ಕಂಪನಿಗಳನ್ನು ಒಂದೇ ಸಂಶೋಧನಾ ಯೋಜನೆಯಡಿ ಕೂಡಿಸಿತು. ಹತ್ತು ವರ್ಷ ತುಂಬುವುದರೊಳಗೆ ಮೆಮೊರಿ ಚಿಪ್ಪಿನ ವಹಿವಾಟಿನಿಂದ ಅಮೆರಿಕದ ಇಂಟೆಲ್ ಹಿಂದೆ ಸರಿದಿತ್ತು. ಮುಕ್ತ ಮಾರುಕಟ್ಟೆಯ ಪಾಠ ಹೇಳುತ್ತಿದ್ದ ರೇಗನ್ ಸರ್ಕಾರವೇ 1986ರಲ್ಲಿ ಜಪಾನಿನಿಂದ ವ್ಯಾಪಾರ ಒಪ್ಪಂದ ಬರೆಸಿಕೊಂಡಿತು, ಮರುವರ್ಷ ಅಮೆರಿಕದ ಚಿಪ್ ಕಂಪನಿಗಳ ಸೆಮಾಟೆಕ್ ಒಕ್ಕೂಟಕ್ಕೆ ಸರ್ಕಾರಿ ಹಣವನ್ನೂ ಕೊಟ್ಟಿತು. ಆದರೂ ಚಿಪ್ಪಿನ ಮೇಲೆ ಬೆಳಕಿನಿಂದ ವಿನ್ಯಾಸ ಮೂಡಿಸುವ ಲಿಥೋಗ್ರಫಿ ಯಂತ್ರಗಳ ಮಾರುಕಟ್ಟೆ ಜಪಾನಿನ ನಿಕಾನ್ ಮತ್ತು ಕ್ಯಾನನ್ ಪಾಲಾಯಿತು.

ಮುಂದಿನ ಪೀಳಿಗೆಯ ಯಂತ್ರಕ್ಕೆ 13.5 ನ್ಯಾನೋಮೀಟರ್ ತರಂಗಾಂತರದ ತೀವ್ರ ನೇರಳಾತೀತ, ಅಂದರೆ ಇಯುವಿ, ಬೆಳಕು ಬೇಕಿತ್ತು. ಈ ಬೆಳಕನ್ನು ಗಾಳಿಯೂ ಗಾಜೂ ಹೀರಿಬಿಡುತ್ತವೆ. ಹಾಗಾಗಿ ಇಡೀ ಕೆಲಸ ನಿರ್ವಾತದಲ್ಲಿ, ಮಸೂರಗಳ ಬದಲು ಕನ್ನಡಿಗಳ ಮೂಲಕ ನಡೆಯಬೇಕು. ಬೆಳಕನ್ನು ಹುಟ್ಟಿಸುವ ಬಗೆಯಂತೂ ನಂಬಲು ಕಷ್ಟ: ಸೆಕೆಂಡಿಗೆ ಸುಮಾರು 50,000 ತವರದ ಹನಿಗಳು ಉದುರುತ್ತವೆ, ಪ್ರತಿ ಹನಿಗೂ ಲೇಸರ್ ಎರಡು ಸಲ ಬಡಿಯುತ್ತದೆ. ಇಂಥ ಬೆಳಕಿನಿಂದ ವಿನ್ಯಾಸ ಮೂಡಿಸಬಹುದೆಂದು 1980ರ ದಶಕದಲ್ಲೇ ತೋರಿಸಿದವರಲ್ಲಿ ಜಪಾನಿನ ಹಿರೋ ಕಿನೋಷಿತಾ ಪ್ರಮುಖರು. ಮೊದಲು ಕಂಡವರಿಗೇ ಯಜಮಾನಿಕೆ ಎಂಬ ಎಣಿಕೆ ಇಲ್ಲಿ ನಿಲ್ಲುವುದಿಲ್ಲ. 1997ರಲ್ಲಿ ಇಂಟೆಲ್ ಮುಂದಾಳತ್ವದ ಕೂಟವೊಂದು ಅಮೆರಿಕದ ರಾಷ್ಟ್ರೀಯ ಪ್ರಯೋಗಾಲಯಗಳೊಡನೆ ಕೈಜೋಡಿಸಿತು. ನಿಕಾನ್‌ಗೆ ಅಲ್ಲಿ ಪ್ರವೇಶ ಸಿಗಲಿಲ್ಲ. ಷರತ್ತುಗಳಿಗೆ ಒಪ್ಪಿದ ನೆದರ್‌ಲ್ಯಾಂಡ್ಸ್‌ನ ಎಎಸ್‌ಎಂಎಲ್‌ಗೆ ಸಿಕ್ಕಿತು. ಅದು ಜಪಾನಿನ ಕಂಪನಿಯಲ್ಲ ಎಂಬುದೇ ಬಹುಶಃ ಅದರ ಅರ್ಹತೆಯೂ ಆಗಿತ್ತು.

ಇಂದು ಈ ಯಂತ್ರವನ್ನು ಮಾರುವ ಏಕೈಕ ಕಂಪನಿ ಎಎಸ್‌ಎಂಎಲ್. ಬೆಳಕಿನ ಮೂಲ ಅಮೆರಿಕದ ಸ್ಯಾನ್ ಡಿಯಾಗೋದ್ದು, ಕನ್ನಡಿಗಳು ಜರ್ಮನಿಯ ಜೈಸ್‌ನವು. ಡಚ್ ಯಂತ್ರದ ಮಾರಾಟದಲ್ಲಿ ವಾಷಿಂಗ್ಟನ್ನಿನ ಮಾತು ನಡೆಯಲು ಈ ಅವಲಂಬನೆಯೂ ಒಂದು ಕಾರಣ. ಚೀನಾಕ್ಕೆ ಈವರೆಗೆ ಇಂಥ ಒಂದು ಯಂತ್ರವನ್ನೂ ಎಎಸ್‌ಎಂಎಲ್ ರವಾನಿಸಿಲ್ಲ.

2023ರ ಆಗಸ್ಟಿನಲ್ಲಿ ಹುವಾವೇ ಹೊರತಂದ ಫೋನಿನಲ್ಲಿ ಚೀನಾದಲ್ಲೇ ತಯಾರಾದ 7 ನ್ಯಾನೋಮೀಟರ್ ದರ್ಜೆಯ ಚಿಪ್ ಇತ್ತು. ಹಿಂದಿನ ಪೀಳಿಗೆಯ ಯಂತ್ರಗಳಲ್ಲೇ ಒಂದೇ ಪದರಕ್ಕೆ ಹಲವು ಬಾರಿ ಬೆಳಕು ಹಾಯಿಸಿ ಅದನ್ನು ಸಾಧಿಸಲಾಗಿತ್ತು. ನಿರ್ಬಂಧ ಸೋತಿತೆಂದು ಹಲವರು ಬರೆದರು. ಆದರೆ 1997ರ ಕೂಟದಿಂದ 2019ರ ವಾಣಿಜ್ಯ ಉತ್ಪಾದನೆಯವರೆಗೆ, ಮಿತ್ರರಾಷ್ಟ್ರಗಳ ಪರಿಣತಿಯೆಲ್ಲ ಕೈಗೆಟುಕುತ್ತಿದ್ದರೂ, 22 ವರ್ಷ ಹಿಡಿದಿತ್ತು. ಆ ಅಳತೆಯಲ್ಲಿ ನೋಡಿದರೆ ಚೀನಾದ ಸೋಲು, ಗೆಲುವು ಎರಡನ್ನೂ ಘೋಷಿಸಲು ಇನ್ನೂ ಹೊತ್ತಿದೆ.