ಪಾಸ್‌ಬುಕ್ ಬಾಡಿಗೆ ಕೊಡೋ ಮುಂಚೆ ಪಿಎಂಎಲ್‌ಎ ತಿಳ್ಕೊಳ್ಳಿ

ಭೂತನಾಳ ಕೆರೆ ಏರಿ ಮೇಲೆ ಡಿಗ್ರಿ ಓದೋ ಹುಡುಗನೊಬ್ಬ ಕೇಳಿದ: ‘ಅಣ್ಣಾ, ಪಾಸ್‌ಬುಕ್, ಎಟಿಎಂ ಕಾರ್ಡ್ ಕೊಟ್ರ ತಿಂಗಳಿಗೆ ಐದ್ ಸಾವಿರ ಕೊಡ್ತಾರಂತ್ರಿ. ಕೊಡ್ಲೇನು?’ ಬ್ಯಾಡಪಾ ಅಂದೆ.

ಅಪರಾಧದ ದುಡ್ಡನ್ನು ಇಂಥ ಖಾತೆಗಳಲ್ಲಿ ದಾಟಿಸಿ ಸಾಚಾ ಮಾಡುವುದೇ ಅಕ್ರಮ ಹಣ ವರ್ಗಾವಣೆ. ಅದನ್ನು ತಡೆಯುವ 2002ರ ಪಿಎಂಎಲ್‌ಎ ಕಾಯ್ದೆ ಜಾರಿಯಾದದ್ದು 2005ರ ಜುಲೈ 1ರಂದು. ಹಿಂದಿನ ವರ್ಷವೇ ಹಣಕಾಸು ಗುಪ್ತಚರ ಘಟಕ ಹುಟ್ಟಿತ್ತು. 10 ಲಕ್ಷ ಮೀರಿದ ನಗದು ವಹಿವಾಟನ್ನು ಬ್ಯಾಂಕುಗಳು ಅದಕ್ಕೆ ತಿಳಿಸಬೇಕು. ಅನುಮಾನ ಬಂದರೆ ಮೊತ್ತ ಎಷ್ಟೇ ಇರಲಿ, ತಿಳಿಸಬೇಕು. ಭಯೋತ್ಪಾದನೆಯ ದುಡ್ಡು ಚಿಲ್ಲರೆಯಾಗಿಯೂ ಹರಿಯುತ್ತದಲ್ಲ! ಎಂಜಿನಿಯರಿಂಗ್ ಓದಿದ ನನಗೆ ಇಷ್ಟವಾಗೋದು ಈ ಭಾಗ. ಸೆನ್ಸರ್ ಥರ, ಸದ್ದಿಲ್ಲ.

ಸದ್ದು ಮಾಡೋದು ಇ.ಡಿ. ಆರೋಪ ಹೊರಿಸಿದ ಮೇಲೆ, ದುಡ್ಡು ಕಳಂಕದ್ದಲ್ಲ ಅಂತ ತೋರಿಸುವ ಹೊರೆ ಆರೋಪಿಯದ್ದು. ಜಾಮೀನೂ ಕಷ್ಟ. 2022ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಇದನ್ನೆಲ್ಲ ಎತ್ತಿಹಿಡಿಯಿತು. ಆದರೆ 2023ರ ನವೆಂಬರ್‌ನಲ್ಲಿ, ಬೆಂಗಳೂರಿನ ಪ್ರಕರಣವೊಂದರಲ್ಲಿ, ಬರೀ ಒಳಸಂಚಿನ ಆರೋಪ ಸಾಲದು, ಸಂಚು ಹೂಡಿದ ಅಪರಾಧವೂ ಕಾಯ್ದೆಯ ಪಟ್ಟಿಯಲ್ಲಿರಬೇಕು ಎಂದಿತು. ಮುಂದಿನ ಮಾರ್ಚ್‌ನಲ್ಲಿ ಡಿ.ಕೆ. ಶಿವಕುಮಾರ್ ಮೇಲಿನ ಪಿಎಂಎಲ್‌ಎ ಪ್ರಕರಣ ರದ್ದಾಯಿತು. ಅವರು ತಿಹಾರ್ ಜೈಲಿನಲ್ಲಿದ್ದದ್ದು 2019ರಲ್ಲಿ! ಭಾರತ 2010ರಿಂದ ಸದಸ್ಯನಾಗಿರುವ ಎಫ್‌ಎಟಿಎಫ್ ಕೂಡ 2024ರ ವರದಿಯಲ್ಲಿ ವ್ಯವಸ್ಥೆಯನ್ನು ಮೆಚ್ಚಿ, ವಿಚಾರಣೆಯ ವಿಳಂಬಕ್ಕೆ ಬೊಟ್ಟು ಮಾಡಿತು.

ಶಿವಕುಮಾರ್‌ಗೆ ದೊಡ್ಡ ವಕೀಲರಿದ್ದರು. ಈ ಹುಡುಗನಿಗೆ ಯಾರಿದ್ದಾರೆ? ಗೊತ್ತಿದ್ದೂ ನೆರವಾದವನು ಆರೋಪಿಯೇ. ಗೊತ್ತಿರಲಿಲ್ಲ ಅಂದರೂ ಖಾತೆ ಇರೋದು ಅವನ ಹೆಸರಲ್ಲಿ, ಮೊದಲು ಕದ ತಟ್ಟೋದು ಅವನದೇ. ನೀವು ಈಗಾಗಲೇ ಕೊಟ್ಟಿದ್ದರೆ ಇವತ್ತೇ ಕಾರ್ಡ್ ಬ್ಲಾಕ್ ಮಾಡಿಸಿ, ಬ್ಯಾಂಕಿಗೂ ಸೈಬರ್ ಠಾಣೆಗೂ ಬರವಣಿಗೆಯಲ್ಲಿ ತಿಳಿಸಿ.