ಮೆನು ಐಕಾನ್

ತಂತ್ರಾಂಶದ ಪರದೆಯಲ್ಲಿ ಮರೆಯಾಗಿರುವ ಆಯ್ಕೆಗಳ ಪಟ್ಟಿಯನ್ನು ತೆರೆಯುವ ಚಿಕ್ಕ ಚಿಹ್ನೆ. ಹೆಚ್ಚು ಬಳಕೆಯಲ್ಲಿರುವುದು ಒಂದರ ಕೆಳಗೊಂದು ಎಳೆದ ಮೂರು ಅಡ್ಡಗೆರೆಗಳ ‘ಹ್ಯಾಂಬರ್ಗರ್’. 1981ರಲ್ಲಿ ಮಾರುಕಟ್ಟೆಗೆ ಬಂದ ಜೆರಾಕ್ಸ್ ಸ್ಟಾರ್ ಗಣಕಕ್ಕಾಗಿ ನಾರ್ಮ್ ಕಾಕ್ಸ್ ಇದನ್ನು ರಚಿಸಿದರು. ತೆರೆದಾಗ ಕಾಣುವ ಪಟ್ಟಿಯ ಸಾಲುಗಳನ್ನೇ ಗೆರೆಗಳು ಹೋಲುತ್ತವೆ. ದಶಕಗಳ ಬಳಿಕ ಸ್ಮಾರ್ಟ್‌ಫೋನಿನ ಇಕ್ಕಟ್ಟಾದ ಪರದೆ ಇದಕ್ಕೆ ಮರುಹುಟ್ಟು ಕೊಟ್ಟಿತು.

ಮೂರು ಗೆರೆ ಇಡೀ ಆ್ಯಪ್‌ನ ವಿಭಾಗಗಳಿಗೆ, ಮೇಲಿಂದ ಕೆಳಗೆ ನಿಂತ ಮೂರು ಚುಕ್ಕಿ ಆಯಾ ಪುಟದ ಹೆಚ್ಚುವರಿ ಕೆಲಸಗಳಿಗೆ, ಹಲ್ಲುಚಕ್ರ ಸೆಟ್ಟಿಂಗ್‌ಗಳಿಗೆ ಎಂಬುದು ರೂಢಿ. ಇವನ್ನು ಅದಲುಬದಲು ಮಾಡಿದರೆ ಬಳಕೆದಾರರು ತಡವರಿಸುತ್ತಾರೆ. ನಾಲ್ಕೈದೇ ವಿಭಾಗಗಳಿದ್ದಲ್ಲಿ ಯಾವ ಐಕಾನ್ ಎಂದು ಯೋಚಿಸುವುದಕ್ಕಿಂತ, ಅವನ್ನು ಪರದೆಯ ತಳದಲ್ಲಿ ಹೆಸರು ಸಮೇತ ತೋರಿಸುವುದೇ ಮೇಲು. ಕಣ್ಣಿಗೆ ಬೀಳದ್ದನ್ನು ಜನ ಹುಡುಕಿಕೊಂಡು ಹೋಗುವುದು ಕಡಿಮೆ.

ಕೆಲವು ಜಾಲತಾಣಗಳು ಚಿತ್ರದ ಬದಲು ಯೂನಿಕೋಡ್‌ನ ಮೂರು ಗೆರೆಯ ಸಂಕೇತವನ್ನು ಬಳಸುತ್ತವೆ. ಅದು ಪ್ರಾಚೀನ ಚೀನೀ ಗ್ರಂಥ ‘ಈ ಚಿಂಗ್’ನಲ್ಲಿ ಆಕಾಶವನ್ನು ಸೂಚಿಸುವ ಚಿಹ್ನೆ. ಪರದೆ ಓದುವ ತಂತ್ರಾಂಶ ಅದನ್ನು ಹಾಗೆಯೇ ಓದಿಬಿಟ್ಟರೆ ದೃಷ್ಟಿದೋಷವುಳ್ಳವರಿಗೆ ಅಲ್ಲಿ ಮೆನು ಇದೆಯೆಂದೇ ತಿಳಿಯದು. ಆದ್ದರಿಂದ ಗುಂಡಿಗೆ ‘ಮೆನು’ ಎಂಬ ಪಠ್ಯರೂಪದ ಹೆಸರು ಇರಲೇಬೇಕು. ಒತ್ತುವ ಜಾಗದ ಅಗಲ ಎತ್ತರಗಳು ಕನಿಷ್ಠ 44 ಪಾಯಿಂಟ್ ಇರಲಿ ಎನ್ನುತ್ತದೆ ಆ್ಯಪಲ್. ಆಂಡ್ರಾಯ್ಡ್‌ನಲ್ಲಿ 48 ಡಿಪಿ.